ನಲವತ್ತೆಂಟು ಎಳೆ

ರಾತ್ರಿ ಎರಡು ಗಂಟೆ. ತುಮಕೂರು–ಶಿರಾ ಹೆದ್ದಾರಿಯ ಪಕ್ಕ, ಎದೆಮಟ್ಟದ ಗುಂಡಿಯ ಅಂಚಿನಲ್ಲಿ ನೀವು ಕುಕ್ಕರುಗಾಲಲ್ಲಿ ಕೂತಿದ್ದೀರಿ. ಲಾರಿ ಹಾದಾಗಲೆಲ್ಲ ಟಾರ್ಪಾಲಿನ ಗುಡಾರ ಪಟಪಟನೆ ಬಡಿದುಕೊಳ್ಳುತ್ತದೆ. ನೀರಿನ ಪೈಪಿಗೆಂದು ಅಗೆಯುತ್ತಿದ್ದ ಜೆಸಿಬಿ ಸಂಜೆ ಆರಕ್ಕೆ ಫೈಬರ್ ಕೇಬಲನ್ನು ಕಿತ್ತುಹಾಕಿತ್ತು.

ತುಮಕೂರಿನ ಓಟಿಡಿಆರ್ ಯಂತ್ರ ಬೆಳಕಿನ ಒಂದು ಮಿಡಿತ ಬಿಟ್ಟು, ಅದು ಮರಳಿ ಬಂದ ಹೊತ್ತನ್ನು ಅಳೆದು, ತುಂಡಾಗಿರುವುದು 38 ಕಿಲೋಮೀಟರಿನಲ್ಲಿ ಎಂದಿತು. ಚೇಂಬರುಗಳಲ್ಲಿ ಸುತ್ತಿಟ್ಟ ಹೆಚ್ಚುವರಿ ಕೇಬಲ್ ರಸ್ತೆಯ ಲೆಕ್ಕಕ್ಕೆ ಸಿಗುವುದಿಲ್ಲವಲ್ಲ, ಹಾಗಾಗಿ ಜಾಗ ಹುಡುಕಿದ್ದು ಟಾರ್ಚ್ ಹಿಡಿದು, ನಡೆದೇ.

ಈ ಕೇಬಲಿನಲ್ಲಿ ಹೋಗುತ್ತಿದ್ದ ಯಾರ ಕರೆಯೂ ಕಟ್ಟಾಗಲಿಲ್ಲ. ಉಂಗುರದಂತೆ ಹಾಸಿದ ಜಾಲವಿದು; ಒಂದು ಕಡೆ ಕಡಿದರೆ 50 ಮಿಲಿಸೆಕೆಂಡಿನೊಳಗೆ ಬೆಳಕು ಇನ್ನೊಂದು ಸುತ್ತಿಗೆ ಹೊರಳುತ್ತದೆ. ಅಲ್ಲಿ ಜಾಗ ಸಾಲದಿದ್ದರೆ ರೌಟರುಗಳು ಪ್ಯಾಕೆಟ್ಟಿನ ಮೇಲಿನ ಗುರುತು ನೋಡಿ ಮಾತನ್ನು ಮೊದಲು ಬಿಡುತ್ತವೆ, ಡೌನ್‌ಲೋಡನ್ನು ಕಾಯಿಸುತ್ತವೆ. ಕರಾರಿನಲ್ಲಿ ಸೇವೆ 99.999 ಶೇಕಡಾ ಹೊತ್ತು ಇರಬೇಕು ಎಂದು ಬರೆದಿದ್ದರೆ ವರ್ಷಕ್ಕೆ ಸಿಗುವ ಬಿಡುವು ಐದೂಕಾಲು ನಿಮಿಷ ಮಾತ್ರ. ಇಲ್ಲಿ ಕೇಬಲ್ ಕಡಿದು ಆಗಲೇ ಎಂಟು ಗಂಟೆ ಕಳೆದಿದೆ. ಆ ಇನ್ನೊಂದು ಸುತ್ತಿನಲ್ಲೂ ಈಗ ಯಾರಾದರೂ ಗುದ್ದಲಿ ಹಾಕಿದರೆ ಮುಗಿಯಿತು.

ಗುಡಾರದೊಳಗೆ ಸ್ಪಿರಿಟ್ಟಿನ ವಾಸನೆ. ಕೇಬಲಿನಲ್ಲಿ 48 ಎಳೆ. ಜಗ್ಗಿದ ತುಂಡನ್ನು ತೆಗೆದು ಹೊಸದನ್ನು ಕೂಡಿಸಬೇಕಾದ್ದರಿಂದ ಎರಡೂ ತುದಿಗೆ ಸೇರಿ 96 ಜಾಯಿಂಟ್. ನೀಲಿ, ಕಿತ್ತಳೆ ಮುಗಿದಿವೆ, ಈಗ ಹಸಿರು. ಜಾಯಿಂಟ್ ಹಾಕುವವನು ಬಣ್ಣದ ಪೊರೆ ಸುಲಿದು, ಒರೆಸಿ, ಕ್ಲೀವರಿನಲ್ಲಿಟ್ಟು ಟಕ್ಕೆಂದು ಕತ್ತರಿಸುತ್ತಾನೆ. ಬೆಳಕು ಓಡುವ ನಡುಭಾಗದ ಅಗಲ ಒಂಬತ್ತು ಮೈಕ್ರಾನ್ ಅಷ್ಟೇ. ಯಂತ್ರದ ಪರದೆಯ ಮೇಲೆ ಎರಡು ತುದಿಗಳು ಎದುರುಬದುರಾಗಿ ಹತ್ತಿರ ಬರುತ್ತವೆ, ನೀಲಿ ಕಿಡಿ ಹಾರುತ್ತದೆ, ಗಾಜು ಕರಗಿ ಗಾಜಿಗೆ ಕೂಡುತ್ತದೆ.

ಪರದೆ ತೋರಿಸುತ್ತದೆ: 0.14 ಡೆಸಿಬೆಲ್.

‘ಸಾಕಲ್ವಾ ಅಣ್ಣಾ? ನಡೆಯುತ್ತೆ,’ ಎನ್ನುತ್ತಾನೆ ಜೊತೆಯ ಹುಡುಗ.

ನಡೆಯುತ್ತದೆ, ನಿಜ. ಈ ರಾತ್ರಿಯ ಮಟ್ಟಿಗೆ ಯಾರಿಗೂ ಗೊತ್ತಾಗುವುದಿಲ್ಲ. ಒಳ್ಳೆಯ ಫೈಬರಿನಲ್ಲಿ ಕಿಲೋಮೀಟರಿಗೆ 0.2 ಡೆಸಿಬೆಲ್ ಸೋರುತ್ತದೆ. ಅಂದರೆ ಈ ಒಂದು ಚುಕ್ಕೆಯಲ್ಲಿ ಏಳುನೂರು ಮೀಟರ್ ದಾಟಿದಷ್ಟು ಬೆಳಕು ಹೋಯಿತು. ಇಂಥವು ಹತ್ತು ಸೇರಿದರೆ ಕಾಲುಭಾಗಕ್ಕಿಂತ ಹೆಚ್ಚು. ಆಮೇಲೆ ಆ ತುದಿಯ ರಿಸೀವರ್ ಸೊನ್ನೆ ಯಾವುದು, ಒಂದು ಯಾವುದು ಎಂದು ತಡವರಿಸತೊಡಗುತ್ತದೆ. ಯಾವ ರೌಟರಿನ ಜಾಣತನವೂ ಕಳೆದ ಬೆಳಕನ್ನು ಮರಳಿಸಲಾರದು.

ಅಣ್ಣ ಉತ್ತರಿಸುವ ಮೊದಲೇ ಎಳೆಯನ್ನು ಕತ್ತರಿಸಿಬಿಟ್ಟಿದ್ದಾನೆ. ಚೂರನ್ನು ಜೋಪಾನವಾಗಿ ಡಬ್ಬಿಗೆ ಹಾಕುತ್ತಾನೆ. ಕಾಲಿಗೆ ಚುಚ್ಚಿದರೆ ಕಣ್ಣಿಗೂ ಕಾಣದು.

‘ಇಲ್ಲಿ ಮತ್ತೆ ಜೆಸಿಬಿ ಬಂದೇ ಬರುತ್ತೆ ಕಣೋ. ಆಗ ಜಾಯಿಂಟ್ ಹಾಕೋನಿಗೂ ಸ್ವಲ್ಪ ಬೆಳಕು ಉಳಿಸಬೇಕಲ್ಲ.’

ಮತ್ತೆ ಸುಲಿಯುತ್ತಾನೆ, ಒರೆಸುತ್ತಾನೆ. ನೀವು ಉಸಿರು ಹಿಡಿದಿದ್ದೀರಿ. ಲಾರಿಯೊಂದು ಹಾದುಹೋಗುವವರೆಗೆ ಕಾದು ಗುಂಡಿ ಒತ್ತುತ್ತಾನೆ. ಕಿಡಿ.

0.02.

ಹುಡುಗ ಸ್ಲೀವನ್ನು ಸರಿಸಿ ಹೀಟರಿನಲ್ಲಿಡುತ್ತಾನೆ. ಅಣ್ಣ ಆಗಲೇ ಕಂದು ಎಳೆಗೆ ಕೈ ಚಾಚಿದ್ದಾನೆ.