ಮೊಮ್ಮಗನ ಕೊರಳ ಕಾರ್ಡು

'ನಿಮ್ಮ ಮಗು ಬೆಳಿಗ್ಗೆ 8.12ಕ್ಕೆ ಶಾಲೆಯನ್ನು ಪ್ರವೇಶಿಸಿದೆ.' ಈ ಮೆಸೇಜು ಮೊದಲ ಸಲ ನನ್ನ ಮೊಬೈಲಿಗೆ ಬಂದ ದಿನ ಅದನ್ನು ನನ್ನಾಕೆಗೆ ಎರಡು ಸಲ ಓದಿ ಹೇಳಿದೆ. ಅವಳು ಒಗ್ಗರಣೆ ಹಾಕುತ್ತಿದ್ದಳು. "ಗೇಟಿನ ತನಕ ಬಿಟ್ಟು ಬಂದಿದ್ದು ನೀವೇ ಅಲ್ಲವಾ? ಅದನ್ನು ಮೊಬೈಲು ಬೇರೆ ಹೇಳಬೇಕಾ?" ಎಂದಳು.

ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಆದ್ದರಿಂದ ಶಾಲೆಯ ಫಾರಂನಲ್ಲಿ ನನ್ನ ನಂಬರನ್ನೇ ಬರೆದುಕೊಟ್ಟಿದ್ದರು. ಪುಟ್ಟ ಐದನೇ ತರಗತಿ. ಬೆಳಿಗ್ಗೆ ನಾನು ಬಿಟ್ಟು ಬರುತ್ತೇನೆ. ಮಧ್ಯಾಹ್ನ ಅವನು ಅಕ್ಕಪಕ್ಕದ ಬೀದಿಯ ಹುಡುಗರ ಜೊತೆ ನಡೆದು ಬರುತ್ತಾನೆ. ಹತ್ತು ನಿಮಿಷದ ದಾರಿ.

ಹೊಸ ಗುರುತಿನ ಕಾರ್ಡು ನೋಡಲು ಹಳೆಯದರ ಹಾಗೇ ಇತ್ತು. ಒಳಗೆ ಮಾತ್ರ ಒಂದು ಪುಟಾಣಿ ಚಿಪ್ಪು, ಅದಕ್ಕೊಂದು ತೆಳ್ಳನೆಯ ಆಂಟೆನಾ. ಬ್ಯಾಟರಿ ಇಲ್ಲ. ಗೇಟಿನ ಕಂಬದಲ್ಲಿರುವ ಯಂತ್ರ ರೇಡಿಯೋ ತರಂಗಗಳನ್ನು ಬಿಡುತ್ತಿರುತ್ತದೆ. ಆ ತರಂಗದ ಶಕ್ತಿಯಿಂದಲೇ ಚಿಪ್ಪಿಗೆ ಜೀವ ಬಂದು ತನ್ನ ನಂಬರನ್ನು ಅದು ವಾಪಸು ಹೇಳುತ್ತದೆ. ಕಾರಿನ ಗಾಜಿನ ಮೇಲಿನ ಫಾಸ್ಟ್ಯಾಗ್ ಟೋಲ್ ಗೇಟಿನಲ್ಲಿ ಮಾಡುವುದೂ ಇದನ್ನೇ. ಆರ್‌ಎಫ್‌ಐಡಿ ಎಂದು ಹೆಸರು. ಕೆಲವು ಬಗೆಯ ಕಾರ್ಡನ್ನು ಯಂತ್ರಕ್ಕೆ ತಾಗಿಸಿದಂತೆ ಹಿಡಿಯಬೇಕು. ಪುಟ್ಟನದು ಹಾಗಲ್ಲ, ಕೊರಳಲ್ಲಿ ನೇತಾಡುತ್ತಿದ್ದರೂ ಸಾಕು, ಬ್ಯಾಗಿನಲ್ಲಿದ್ದರೂ ಸಾಕು.

ನನಗೆ ಬಹಳ ಇಷ್ಟವಾಯಿತು ಎಂದು ಒಪ್ಪಿಕೊಳ್ಳಬೇಕು. ಬ್ಯಾಂಕಿನಲ್ಲಿ ಆಯುಷ್ಯ ಕಳೆದವನಿಗೆ ದಿನಕ್ಕೆರಡು ಎಂಟ್ರಿ ತಾನಾಗಿಯೇ ಬಂದು ಬೀಳುವುದೆಂದರೆ ಸುಖ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಆ ವೇಳೆಗಳನ್ನು ಬರೆದಿಡತೊಡಗಿದೆ. ಯಾಕೆ ಎಂದು ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ.

ಒಂದು ದಿನ ಮೆಸೇಜು 3.36ಕ್ಕೆ ಬಂತು. ಪುಟ್ಟ ಮನೆಗೆ ಬಂದಾಗ ನಾಲ್ಕೂ ಹತ್ತು.

"ಯಾಕೋ ತಡ?"

"ಮಿಸ್ ನಿಲ್ಲಿಸ್ಕೊಂಡಿದ್ರು ತಾತ. ಪ್ರಾಜೆಕ್ಟ್ ಇತ್ತು."

ನಾನು ಏನೂ ಮಾತಾಡದೆ ಮೊಬೈಲನ್ನು ಅವನ ಮುಂದೆ ಹಿಡಿದೆ. ಅವನು ಪರದೆ ನೋಡಿದ, ಕೊರಳಿನ ಕಾರ್ಡು ನೋಡಿದ, ಅದನ್ನು ತೆಗೆದು ಮೊಳೆಗೆ ಹಾಕಿ ಒಳಗೆ ಹೋದ. ಆಮೇಲೆ ಗೊತ್ತಾಯಿತು, ದಾರಿಯಲ್ಲಿ ಒಳಚರಂಡಿ ಪೈಪಿಗಾಗಿ ಜೆಸಿಬಿ ರಸ್ತೆ ಅಗೆಯುತ್ತಿತ್ತು. ಹುಡುಗರೆಲ್ಲ ಅದನ್ನು ನೋಡುತ್ತ ನಿಂತಿದ್ದರಂತೆ. ಈ ವಯಸ್ಸಿನಲ್ಲೂ ಜೆಸಿಬಿ ಕಂಡರೆ ನಾನೇ ಒಂದು ಕ್ಷಣ ನಿಲ್ಲುತ್ತೇನೆ.

ಅವನು ಸುಳ್ಳು ಹೇಳಿದ್ದು ತಪ್ಪು. ಆದರೆ ನನ್ನ ಪ್ರಶ್ನೆ ಎಂಥದು? ಇನ್ಸ್‌ಪೆಕ್ಷನ್ನಿಗೆ ಬರುತ್ತಿದ್ದ ಅಧಿಕಾರಿಗಳು ಹೀಗೆಯೇ ಕೇಳುತ್ತಿದ್ದರು: ಉತ್ತರವನ್ನು ಜೇಬಿನಲ್ಲಿ ಇಟ್ಟುಕೊಂಡು, ಮುಖದಲ್ಲಿ ಏನೂ ತೋರಿಸದೆ. ನಮಗೆಲ್ಲ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಆ ದಿನದಿಂದ ಮನೆಯಲ್ಲಿ ಒಂದು ಬದಲಾವಣೆ ಆಯಿತು. ಮೊದಲೆಲ್ಲ ಪುಟ್ಟ ಶೂ ಬಿಚ್ಚುವ ಮುಂಚೆಯೇ ಮಾತು ಶುರು ಮಾಡುತ್ತಿದ್ದ. ಯಾರು ಯಾರಿಗೆ ಹೊಡೆದರು, ಯಾರ ಡಬ್ಬಿಯಲ್ಲಿ ಏನಿತ್ತು, ಗಣಿತದ ಮೇಷ್ಟ್ರು ಸೀನಿದಾಗ ಏನಾಯಿತು. ಈಗ "ಇವತ್ತು ಏನು ವಿಶೇಷ?" ಎಂದರೆ, "ಮೆಸೇಜಲ್ಲಿ ಬಂದಿಲ್ವಾ?" ಎನ್ನುತ್ತಿದ್ದ. ತಲೆಹರಟೆ ಎಂದು ನನ್ನಾಕೆ ಗದರಿದಳು. ನನಗೆ ಮಾತ್ರ ಎಲ್ಲೋ ಚುಚ್ಚಿತು.

ಹಾಜರಿಯ ಕಾಟ ನನಗೆ ಹೊಸದಲ್ಲ. ನಮ್ಮ ಶಾಖೆಯಲ್ಲಿ ಹತ್ತು ಗಂಟೆಗೆ ಹಾಜರಿ ಪುಸ್ತಕ ಮೇಜಿನ ಮೇಲಿರುತ್ತಿತ್ತು, ಹತ್ತೂ ಹತ್ತಕ್ಕೆ ಮ್ಯಾನೇಜರ್ ಕೋಣೆಗೆ ಹೋಗುತ್ತಿತ್ತು. ಆಮೇಲೆ ಬಂದವರು ಕೆಂಪು ಗೆರೆಯ ಕೆಳಗೆ. ಮೂರು ಗೆರೆಗೆ ಒಂದು ಸಿ.ಎಲ್. ಖೋತಾ. ನಮ್ಮಲ್ಲೊಬ್ಬರು ಒಂದು ದಿನವೂ ತಡವಾಗಿ ಬಂದವರಲ್ಲ. ಸರಿಯಾಗಿ ಹತ್ತಕ್ಕೆ ಸಹಿ ಮಾಡಿ, ಕುರ್ಚಿಗೆ ಕೊಡೆ ನೇತು ಹಾಕಿ, ಕಾಫಿಗೆ ಹೋದರೆ ಹನ್ನೊಂದಕ್ಕೆ ವಾಪಸು. ಪುಸ್ತಕದ ಪ್ರಕಾರ ಶಾಖೆಯಲ್ಲಿ ಅವರಷ್ಟು ಶಿಸ್ತಿನವರು ಇನ್ನೊಬ್ಬರಿರಲಿಲ್ಲ.

ಈ ಕಾರ್ಡಿನ ವಿಷಯ ಬೇರೆ ಕಡೆ ಏನಾಗಿದೆ ಎಂದು ಓದತೊಡಗಿದೆ. ಅಮೆರಿಕದಲ್ಲಿ ಇದರ ದೊಡ್ಡ ಜಗಳವೇ ನಡೆದಿದೆ. ಕ್ಯಾಲಿಫೋರ್ನಿಯಾದ ಸಟ್ಟರ್ ಎಂಬ ಸಣ್ಣ ಊರಿನ ಶಾಲೆಯಲ್ಲಿ 2005ರಲ್ಲೇ ಮಕ್ಕಳ ಕೊರಳಿಗೆ ಇಂಥ ಕಾರ್ಡು ಹಾಕಿದ್ದರು. ಕಾರ್ಡು ಓದುವ ಯಂತ್ರವನ್ನು ಬಚ್ಚಲುಮನೆಯ ಬಾಗಿಲಿಗೂ ಕೂರಿಸಿದ್ದರಂತೆ! ಪೋಷಕರು ಸುಮ್ಮನಿರುತ್ತಾರೆಯೇ? ಕೆಲವೇ ವಾರಗಳಲ್ಲಿ ಎಲ್ಲವನ್ನೂ ಕಳಚಬೇಕಾಯಿತು.

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋ ನಗರದ ಕಥೆ ಇನ್ನೂ ದೊಡ್ಡದು. ಅಲ್ಲಿನ ನಾರ್ತ್‌ಸೈಡ್ ಶಾಲಾ ಆಡಳಿತ 2012ರಲ್ಲಿ ಎರಡು ಶಾಲೆಗಳ ಸುಮಾರು 4,200 ವಿದ್ಯಾರ್ಥಿಗಳಿಗೆ ಬ್ಯಾಟರಿ ಇರುವ ಕಾರ್ಡು ಕೊಟ್ಟಿತು. ಮಗು ಕಟ್ಟಡದೊಳಗೆ ಎಲ್ಲಿದೆ ಎಂದು ಅದರಿಂದ ಪತ್ತೆ ಮಾಡಬಹುದಿತ್ತು. ಯಾಕೆ ಬೇಕಾಯಿತು ಎಂಬುದು ನನ್ನಂಥ ಲೆಕ್ಕದವನಿಗೆ ಕೂಡಲೇ ಅರ್ಥವಾಗುವಂಥದು. ಟೆಕ್ಸಾಸ್‌ನಲ್ಲಿ ಸರ್ಕಾರದ ಹಣ ದಿನದ ಹಾಜರಿಯ ಸರಾಸರಿಯ ಮೇಲೆ ಬರುತ್ತದೆ. ಹೆಸರು ಕೂಗುವಾಗ ಹುಡುಗ ಕ್ಯಾಂಟೀನಿನಲ್ಲೋ ಮೆಟ್ಟಿಲ ಮೇಲೋ ಇದ್ದರೆ ಗೈರುಹಾಜರು, ಹಣ ಹೋಯಿತು. ಕಾರ್ಡಿದ್ದರೆ 'ಇಲ್ಲೇ ಇದ್ದಾನೆ, ನೋಡಿ' ಎಂದು ಲೆಕ್ಕ ತೋರಿಸಬಹುದು. ಸುರಕ್ಷತೆಯ ಮಾತೂ ಇತ್ತು, ಅದರ ಪಕ್ಕದಲ್ಲೇ ಕ್ಯಾಷ್ ಬುಕ್ಕೂ ಇತ್ತು.

ಒಬ್ಬ ವಿದ್ಯಾರ್ಥಿನಿ ತನ್ನ ಧರ್ಮಕ್ಕೆ ವಿರುದ್ಧ ಎಂದು ಕಾರ್ಡು ಹಾಕಿಕೊಳ್ಳಲು ಒಪ್ಪಲಿಲ್ಲ. ಚಿಪ್ಪು ತೆಗೆದ ಕಾರ್ಡು ಕೊಡುತ್ತೇವೆ ಎಂದರು. ಅದನ್ನು ಹಾಕಿಕೊಂಡರೂ ಯೋಜನೆಗೆ ಒಪ್ಪಿದ ಹಾಗೇ ಎಂದು ಅದನ್ನೂ ಬೇಡವೆಂದಳು. 2013ರ ಜನವರಿಯಲ್ಲಿ ನ್ಯಾಯಾಲಯ ಅವಳ ವಿರುದ್ಧವೇ ಹೇಳಿತು. ಶಾಲೆ ಗೆದ್ದಿತು. ತಮಾಷೆ ಎಂದರೆ, ಅದೇ ವರ್ಷ ಜುಲೈನಲ್ಲಿ ಆಡಳಿತವೇ ಯೋಜನೆಯನ್ನು ಕೈಬಿಟ್ಟಿತು. ಅಂದುಕೊಂಡ ಮಟ್ಟಕ್ಕೆ ಹಾಜರಿ ಏರಿರಲಿಲ್ಲ.

ಇದನ್ನೆಲ್ಲ ಓದಿ, ದೂರದ ದೇಶದ ಗಲಾಟೆ ಎಂದುಕೊಂಡು ಸುಮ್ಮನಾಗಿದ್ದೆ. ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ಮೆಸೇಜು 3.34ಕ್ಕೆ ಬಂತು: 'ನಿಮ್ಮ ಮಗು ಶಾಲೆಯಿಂದ ನಿರ್ಗಮಿಸಿದೆ.' ನಾಲ್ಕಾಯಿತು. ನಾಲ್ಕೂಕಾಲಾಯಿತು. ಜೆಸಿಬಿ ಇರಬೇಕು ಎಂದುಕೊಂಡೆ. ಆದರೆ ಆ ರಸ್ತೆ ಮುಚ್ಚಿ ತಿಂಗಳಾಗಿತ್ತು. ಚಪ್ಪಲಿ ಮೆಟ್ಟಿ ಹೊರಟೆ. ಹಾಲಿನ ಬೂತಿನವನನ್ನು ಕೇಳಿದೆ, ಇಸ್ತ್ರಿಯವನನ್ನು ಕೇಳಿದೆ, ಜೆರಾಕ್ಸ್ ಅಂಗಡಿಯ ಹುಡುಗಿಯನ್ನು ಕೇಳಿದೆ. ಯಾರೂ ನೋಡಿಲ್ಲ. ತೆರೆದ ಚರಂಡಿಯೊಳಗೂ ಬಗ್ಗಿ ನೋಡಿದೆ. ಮಗನಿಗೆ ಫೋನು ಮಾಡಲು ಹೋದರೆ ಬೆರಳು ನಡುಗಿ ಬೇರೆ ಯಾರಿಗೋ ಹೋಯಿತು. ಶಾಲೆಯ ಗೇಟಿಗೆ ಬಂದಾಗ ಕಾವಲುಗಾರ ಕಂಪ್ಯೂಟರ್ ನೋಡಿ ಹೇಳಿದ, "ಸಿಸ್ಟಮ್‌ನಲ್ಲಿ ಔಟ್ ಆಗಿದಾನೆ ಸಾರ್. ಒಳಗೆ ಯಾರೂ ಇಲ್ಲ."

ನಾನೂ ನಂಬಿದೆ. ವಾಪಸು ರಸ್ತೆಗೆ ತಿರುಗಿದೆ. ಆಗ ಹಿಂದಿನಿಂದ ಶಾಲೆಯ ಆಯಾ, "ಪುಟ್ಟನ ತಾತ ಅಲ್ವಾ? ಮೊಣಕಾಲು ತರಚ್ಕೊಂಡು ಸ್ಟಾಫ್ ರೂಮಿನಲ್ಲಿ ಕೂತಿದಾನೆ, ಬನ್ನಿ" ಎಂದು ಕೂಗಿದಳು. ಆಟದ ಮೈದಾನದಲ್ಲಿ ಬಿದ್ದಿದ್ದನಂತೆ. ಕುಂಟುತ್ತಿದ್ದಾನೆ ಎಂದು ಗೆಳೆಯ ಅವನ ಬ್ಯಾಗನ್ನು ಹೊತ್ತು ಗೇಟು ದಾಟಿ ತನ್ನ ಮನೆಗೆ ಹೋಗಿದ್ದ. ಕಾರ್ಡು ಬ್ಯಾಗಿನಲ್ಲಿತ್ತು. ಫೋನು ಮಾಡಬೇಕಾಗಿದ್ದ ಟೀಚರು ಬಸ್ಸಿನ ಮಕ್ಕಳನ್ನು ಹತ್ತಿಸಲು ಹೋಗಿದ್ದರು. ಯಾರದೂ ದೊಡ್ಡ ತಪ್ಪಲ್ಲ. ಆದರೆ ಮುಕ್ಕಾಲು ಗಂಟೆ ಹುಡುಗ ಗೋಡೆಯ ಆಚೆ, ನಾನು ಈಚೆ. ಆ ಮೆಸೇಜು ಬರದೇ ಇದ್ದಿದ್ದರೆ ನಾನು ಮೊದಲು ಹೋಗಿ ನೋಡುತ್ತಿದ್ದುದು ಶಾಲೆಯ ಒಳಗೇ ಅಲ್ಲವೇ? ಕುರ್ಚಿಯ ಮೇಲಿನ ಕೊಡೆಯನ್ನು ವರ್ಷಗಟ್ಟಲೆ ನೋಡಿ ನಕ್ಕವನು ನಾನು.

ಮುಂದಿನ ಪೋಷಕರ ಸಭೆಗೆ ಮಗನ ಬದಲು ನಾನೇ ಹೋದೆ. ಯಂತ್ರ ಕಿತ್ತುಹಾಕಿ ಎನ್ನಲಿಲ್ಲ. ಬಸ್ಸಿನಲ್ಲಿ ಬರುವ ಎಲ್‌ಕೆಜಿ ಮಕ್ಕಳ ತಾಯಂದಿರಿಗೆ ಅದರಿಂದ ಎಷ್ಟು ಧೈರ್ಯ ಎಂಬುದು ನನಗೆ ಗೊತ್ತು. ಕೇಳಿದ್ದು ಇಷ್ಟೇ: ಗೇಟು ಮುಚ್ಚುವ ಮುಂಚೆ ಒಬ್ಬ ಮನುಷ್ಯ ಕೋಣೆ ಕೋಣೆ ನೋಡಿ ಬರಬಹುದೇ? ಮಕ್ಕಳು ಬಂದುಹೋದ ಈ ಲೆಕ್ಕ ಎಲ್ಲಿರುತ್ತದೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ? ಬ್ಯಾಂಕಿನಲ್ಲಿ ಹಳೆಯ ವೋಚರನ್ನು ಎಷ್ಟು ವರ್ಷ ಇಟ್ಟು ನಾಶಪಡಿಸಬೇಕು ಎಂಬುದಕ್ಕೂ ನಿಯಮವಿತ್ತು. 2023ರ ದತ್ತಾಂಶ ಸಂರಕ್ಷಣೆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ ಎಂದೂ ಹೇಳಿದೆ. ಮೊದಲ ಪ್ರಶ್ನೆಗೆ ಆಗಲಿ ಎಂದರು. ಉಳಿದವಕ್ಕೆ "ಕಂಪನಿಯವರನ್ನು ಕೇಳಿ ಹೇಳುತ್ತೇವೆ" ಎಂದರು. ಇನ್ನೂ ಕೇಳುತ್ತಿದ್ದಾರೆ.

ಹಿಂದಿನ ಸಾಲಿನಲ್ಲಿ ಯಾರೋ, "ಅಜ್ಜಂದಿರಿಗೆ ಯಾಕೆ ಈ ಉಸಾಬರಿ?" ಎಂದದ್ದು ಕೇಳಿಸಿತು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದದ್ದು 2012ರಲ್ಲಿ, 80 ದಾಟಿದ ಮೇಲೆ. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್‌ 24ರಂದು ಹೇಳಿದ್ದು ಆ ಅರ್ಜಿಯಿಂದಲೇ. ಇದನ್ನು ಅಲ್ಲಿ ಹೇಳಬೇಕೆನಿಸಿತ್ತು. ಕಾಫಿ ಬಂತು, ಬಿಟ್ಟೆ.

ಮನೆಗೆ ಬಂದು ಮಗನಿಗೆ ಹೇಳಿ ಮೆಸೇಜು ಬರುವ ನಂಬರು ಬದಲಿಸಿಸಿದೆ. ಈಗ ಅದು ಸೊಸೆಗೆ ಹೋಗುತ್ತದೆ. ನನಗೆ ಹೇಳಬೇಡಮ್ಮಾ ಎಂದಿದ್ದೇನೆ. ಹಾಲಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಈಗ ಹಾಲಿನ ಲೆಕ್ಕವೇ ಇದೆ.

ಎರಡು ತಿಂಗಳು ಪುಟ್ಟ ಹೆಚ್ಚೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೋದ ವಾರ ಅರ್ಧ ಗಂಟೆ ತಡವಾಗಿ ಬಂದ. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಎತ್ತದಿರಲು ಬಹಳ ಕಷ್ಟಪಟ್ಟೆ. ಅವನು ಕೈಕಾಲು ತೊಳೆದು, ಅವಲಕ್ಕಿ ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ಕೂತ.

"ತಾತ, ಆ ಜೆಸಿಬಿ ಮತ್ತೆ ಬಂದಿದೆ. ಅವತ್ತು ಹಾಕಿದ್ರಲ್ಲ, ಅದೇ ಪೈಪನ್ನ ಕಿತ್ತು ತೆಗೀತಿದಾರೆ. ನಾಳೆ ನೀನೂ ಬಾ."

ಮಾರನೆಯ ದಿನ ಮೂರೂವರೆಗೆ ಶಾಲೆಯ ಹತ್ತಿರ ಹೋದೆ. ಇಬ್ಬರೂ ಮಣ್ಣಿನ ಗುಡ್ಡೆಯ ಪಕ್ಕ ಬಹಳ ಹೊತ್ತು ನಿಂತಿದ್ದೆವು. ಅವನು ಹೇಳಿದ್ದು ನಿಜ, ಅದೇ ಪೈಪು.