ಎರೆನಾಡಿನ ಅರಳೆ, ಕಾರವಾರದ ದೀಪ

ನವಲಗುಂದ, ಅಣ್ಣಿಗೇರಿಗಳ ಎರೆನೆಲದಲ್ಲಿ ಹುಟ್ಟಿ ಬೆಳೆದವರಿಗೆ ಕಡಲು ದೂರದ ಮಾತು. ನಾವು ಬಲ್ಲ ನೀರೆಂದರೆ ಊರ ಕೆರೆಯ ನೀರು, ಇಲ್ಲವೆ ಮಳೆಗಾಲದಲ್ಲಿ ಉಕ್ಕಿ ಹೊಲಕ್ಕೆ ನುಗ್ಗುವ ಬೆಣ್ಣೆಹಳ್ಳ. ಆದರೂ ಕಾರವಾರದ ಕಡಲಿನಲ್ಲಿ ಬೆಳಗುವ ಒಂದು ದೀಪಕ್ಕೂ ನಮ್ಮ ಹೊಲಗಳ ಹತ್ತಿಗೂ ನೂರೈವತ್ತು ವರ್ಷಗಳಿಗೆ ಮೀರಿದ ನಂಟುಂಟು ಎಂದರೆ ಓದುಗರಿಗೆ ಆಶ್ಚರ್ಯವಾದೀತು.

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರಗಳ ಮಾರ್ಗವಾಗಿ ಅರಬೈಲ್ ಘಟ್ಟ ಇಳಿದು ಅಂಕೋಲೆಯ ಮೇಲಿಂದ ಕಾರವಾರ ಸೇರಬಹುದು. ಬಯಲು ಹಿಂದೆ ಸರಿದು ಭತ್ತದ ಗದ್ದೆ, ಗದ್ದೆ ಮುಗಿದು ಕಾಡು, ಕಾಡು ತೆರೆದಲ್ಲಿ ಕಡಲು. ಸಂಜೆಯ ಹೊತ್ತು ಕಾರವಾರದ ಮರಳದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ನೀರಿನಲ್ಲಿ ಚದುರಿ ಕುಳಿತ ನಡುಗಡ್ಡೆಗಳು ಕಾಣುತ್ತವೆ. ಅವುಗಳಲ್ಲೊಂದು ದೇವಗಡ. ನಾವಿಕರ ನಕಾಶೆಗಳಲ್ಲಿ ಅದು ‘ಆಯ್ಸ್ಟರ್ ರಾಕ್’. ಅದರ ನೆತ್ತಿಯ ಮೇಲಿದೆ 1864ರಲ್ಲಿ ಕಟ್ಟಿದ ದೀಪಸ್ತಂಭ.

ಈ ದೀಪ ಹೊತ್ತಿದ ಕಾಲವನ್ನು ಗಮನಿಸಬೇಕು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಅಲ್ಲಿಯ ಹತ್ತಿ ನಿಂತುಹೋಗಿ ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳು ಹಸಿದು ಕುಳಿತವು. ಆಗ ಆಂಗ್ಲ ವರ್ತಕರ ಕಣ್ಣು ಧಾರವಾಡದ ಕರಿಮಣ್ಣಿನ ಮೇಲೆ ಬಿದ್ದಿತು. ನಮ್ಮ ಹತ್ತಿ ಅದಕ್ಕೂ ಮೊದಲೇ ಕುಮಟೆಯ ಬಂದರಿನಿಂದ ಹೊರದೇಶಕ್ಕೆ ಹೋಗುತ್ತಿತ್ತು. ನಾಡಹತ್ತಿಗೆ ವ್ಯಾಪಾರಿಗಳು ಇಟ್ಟ ಹೆಸರೇ ‘ಕುಮಟಾ ಹತ್ತಿ’. ಬೆಳೆದದ್ದು ನಮ್ಮ ಹೊಲದಲ್ಲಿ, ಹೆಸರು ಮಾತ್ರ ಹಡಗು ಹತ್ತಿದ ಊರಿನದು! ಆದರೆ ಕುಮಟೆಯದು ತೆರೆದ ಕಡಲು. ಹಡಗು ದೂರದಲ್ಲಿಯೇ ನಿಲ್ಲಬೇಕು, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕು. ಕಾರವಾರದ ಕೊಲ್ಲಿಗಾದರೋ ಗುಡ್ಡಗಳ, ನಡುಗಡ್ಡೆಗಳ ಮರೆಯುಂಟು.

ಈ ಬಂದರನ್ನು ಬೆಳೆಸುವ ಉದ್ದೇಶದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ, ಧಾರವಾಡವಿದ್ದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಎರಡೇ ವರ್ಷಗಳಲ್ಲಿ ದೇವಗಡದ ಮೇಲೆ ದೀಪವೂ ಎದ್ದಿತು. ಹೀಗೆ ರೈತನೊಬ್ಬ ಎರೆಹೊಲದಲ್ಲಿ ಬಿತ್ತಿದ ಬೀಜವು ಒಂದು ಜಿಲ್ಲೆಯ ಆಡಳಿತವನ್ನು ಬದಲಿಸಿತು, ಅವನು ಎಂದೂ ಕಾಣದ ಕಡಲಿನಲ್ಲಿ ಬೆಳಕನ್ನೂ ಹೊತ್ತಿಸಿತು. ಅರಳೆಯ ಅಂಡಿಗೆಗಳನ್ನು ಹೇರಿಕೊಂಡು ಘಟ್ಟ ಇಳಿದ ಚಕ್ಕಡಿಗಳ ಗಾಲಿಗಳು ಆ ಬೆಳಕಿನ ಮೊದಲ ಸಾಕ್ಷಿಗಳು.

ಆದರೆ ವ್ಯಾಪಾರದ ಒಲವು ಚಂಚಲವಾದುದು. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಇಳಿಯಿತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದು, ಕ್ಯಾಸಲ್‌ರಾಕ್ ಮಾರ್ಗವಾಗಿ ಗೋವೆಯ ಮುರಗಾಂವ ಬಂದರಿನತ್ತ ಹಳಿ ಬಿದ್ದಿತು. ಚಕ್ಕಡಿಯ ಅರಳೆ ರೈಲನ್ನೇರಿತು. ಕಾರವಾರದ ಬಂದರು ಬರಿದಾಗುತ್ತ ಬಂದಿತು. ಯಾರಿಗಾಗಿ ದೀಪ ಹಚ್ಚಿದ್ದರೋ ಆ ಹಡಗುಗಳು ವಿರಳವಾದವು.

ದೀಪ ಮಾತ್ರ ಆರಲಿಲ್ಲ. ಅದರ ಬೆಳಕಿನಲ್ಲಿ ಮೊದಲಿನಿಂದಲೂ ಇದ್ದವರು ಮೀನುಗಾರರು. ಹಡಗುಗಳು ಹೋದ ಮೇಲೆ ಅದು ಹೆಚ್ಚಾಗಿ ಅವರದೇ ಆಯಿತು. ಈ ದಂಡೆಯಲ್ಲಿ ಹಿಂದೆ ರಂಪಣಿ ಬಲೆ ಹೆಸರಾಗಿತ್ತು. ನೂರಾರು ಕೈಗಳು ಕೂಡಿ ದಂಡೆಗೆ ಎಳೆಯುವ ಬಲೆ ಅದು. ಸಿಕ್ಕ ಬಂಗಡೆ, ತಾರ್ಲೆಗಳಲ್ಲಿ ಎಳೆದವರೆಲ್ಲರಿಗೂ ಪಾಲು. 1970ರ ದಶಕದಲ್ಲಿ ಯಂತ್ರದೋಣಿಗಳೂ ಪರ್ಸೀನ್ ಬಲೆಗಳೂ ಬಂದು ರಂಪಣಿ ಹಿಂದೆ ಸರಿಯಿತು. ಇಂದು ಬೈತಖೋಲದ ಮೀನುಗಾರಿಕೆ ಬಂದರಿನಲ್ಲಿ ಸಾಲುಗಟ್ಟಿ ನಿಲ್ಲುವುವು ಯಂತ್ರದೋಣಿಗಳು. ಜೂನ್ 1ರಿಂದ ಜುಲೈ 31ರವರೆಗೆ ಅವು ಕಡಲಿಗಿಳಿಯುವಂತಿಲ್ಲ. ಮೀನು ಮರಿಯಿಡುವ ಕಾಲ, ಕಡಲು ಕೆರಳುವ ಕಾಲ.

ಪ್ರತಿಯೊಂದು ದೀಪಸ್ತಂಭಕ್ಕೂ ತನ್ನದೇ ಆದ ಮಿನುಗಿನ ಲೆಕ್ಕವಿರುತ್ತದೆ. ಎಷ್ಟು ಕ್ಷಣಕ್ಕೊಮ್ಮೆ ಮಿಂಚಿತೆಂದು ಎಣಿಸಿದರೆ ನಾವಿಕನಿಗೆ ತಾನೆಲ್ಲಿರುವೆನೆಂದು ತಿಳಿಯುತ್ತದೆ. ಉಪಗ್ರಹಗಳು ದಾರಿ ತೋರುವ ಈ ಕಾಲದಲ್ಲಿಯೂ, ಕೈಯಲ್ಲಿಯ ಯಂತ್ರ ಕೆಟ್ಟ ರಾತ್ರಿ ಕಣ್ಣಿಗೆ ಕಾಣುವ ಬೆಳಕೇ ಭರವಸೆ.

ಬೆಳಕೊಂದೇ ಎಲ್ಲವನ್ನೂ ಕಾಯಲಾರದು ಎಂಬುದನ್ನೂ ಇಲ್ಲಿ ನೆನೆಯಬೇಕು. ಸಮೀಪದ ಕೂರ್ಮಗಡ ನಡುಗಡ್ಡೆಯಲ್ಲಿ ಪ್ರತಿವರ್ಷ ನರಸಿಂಹ ದೇವರ ಜಾತ್ರೆ ನಡೆಯುತ್ತದೆ. 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಹಾಡುಹಗಲೇ ಮಗುಚಿತು. ಮಡಿದವರಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯವರೂ ಇದ್ದರು, ಮಕ್ಕಳೂ ಇದ್ದರು. ಬಯಲುಸೀಮೆಯ ನಮಗೆ ಕಡಲಿನ ಸ್ವಭಾವ ತಿಳಿಯದು. ಮಕ್ಕಳುಮರಿಗಳೊಡನೆ ಅಲ್ಲಿಗೆ ಹೋಗುವ ಬಂಧುಗಳು ತುಂಬಿದ ದೋಣಿಯನ್ನು ಏರಬಾರದು. ಜೀವರಕ್ಷಕ ಅಂಗಿ ಇಲ್ಲದೆ ನೀರಿಗಿಳಿಯಬಾರದು. ದೋಣಿಯವರು ಬೇಡವೆಂದ ದಿನ ಹಟ ಹಿಡಿಯಬಾರದು. ಕಡಲ ಮಕ್ಕಳ ಮಾತೇ ಅಲ್ಲಿ ಪ್ರಮಾಣ.

ಕತ್ತಲಾಗುತ್ತಿದ್ದಂತೆ ದೇವಗಡದ ಬೆಳಕು ಮಿನುಗತೊಡಗುತ್ತದೆ. ಲಾಭಕ್ಕಾಗಿ ಹಚ್ಚಿದ ದೀಪ ಬಡವರ ದಾರಿಗೆ ಬೆಳಕಾಗಿ ಉಳಿದಿದೆ. ಬರುವ ದೋಣಿ ಯಾರದೆಂದು ಅದು ಕೇಳುವುದಿಲ್ಲ. ಮುಂದಿನ ಸಲ ಹೊಲದಲ್ಲಿ ಹತ್ತಿ ಬಿಡಿಸುವಾಗ, ಘಟ್ಟದ ಕೆಳಗಿನ ಆ ದೀಪವನ್ನು ಒಮ್ಮೆ ನೆನೆಯೋಣ. ಅದರ ಬತ್ತಿಗೆ ನಮ್ಮ ಹಿರಿಯರ ಬೆವರೂ ಎಣ್ಣೆಯಾಗಿತ್ತು.