ಮುಠಾ ದಂಡೆಯ ನಾಟಕದ ಮನೆ

ಪುಣೆಯ ಬಾಲಗಂಧರ್ವ ರಂಗಮಂದಿರಕ್ಕೆ ನಾನು ಮೊದಲು ಹೋದದ್ದು 1979ರಲ್ಲಿ, ಸೋದರಮಾವನ ಬೆನ್ನಹಿಂದೆ. ಜಂಗಲಿ ಮಹಾರಾಜ ರಸ್ತೆಯಲ್ಲಿ ಇಳಿದವರೇ ಮಾವ ಅಂದರು: "ಈ ಗ್ವಾಡಿ ಹಿಂದ ಹೊಳಿ ಐತಿ ನೋಡು. ಅರವತ್ತೊಂದರಾಗ ಅರ್ಧ ಊರು ಮುಳುಗಿಸಿತ್ತು."

1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದು, ಆ ನೀರಿನ ಹೊಡೆತಕ್ಕೆ ಖಡಕವಾಸಲಾ ಕಟ್ಟೆಯೂ ಕಿತ್ತು, ಮುಠಾ ನದಿ ಪೇಟೆಗಳಿಗೆ ನುಗ್ಗಿತ್ತು. ಮರುವರ್ಷ ಅಕ್ಟೋಬರ್ 8ರಂದು ಅದೇ ನದಿಯ ಮಗ್ಗುಲಲ್ಲಿ ಮಹಾನಗರ ಪಾಲಿಕೆ ನಾಟಕದ ಮನೆಗೆ ಅಡಿಗಲ್ಲು ಹಾಕಿಸಿತು. ಕಲ್ಲಿಟ್ಟವರು, ಸ್ತ್ರೀಪಾತ್ರಗಳಿಗೆ ಹೆಸರಾದ ಮರಾಠಿ ಗಾಯಕ ನಟ ಬಾಲಗಂಧರ್ವರೇ. ಮರಾಠಿ ಲೇಖಕ ಪು.ಲ. ದೇಶಪಾಂಡೆ ಮುಂದೆ ನಿಂತು ಮಾರ್ಗದರ್ಶನ ಮಾಡಿದರು. 1968ರ ಜೂನ್ 26ರಂದು, ಬಾಲಗಂಧರ್ವರ ಹುಟ್ಟಿದ ದಿನವೇ, ಬಾಗಿಲು ತೆರೆಯಿತು. ಅವರು ಹಿಂದಿನ ಜುಲೈಯಲ್ಲೇ ತೀರಿಕೊಂಡಿದ್ದರು.

ಕನ್ನಡಿಗರಾದ ಮಾವನಿಗೆ ಅದು ಪರರ ಮನೆಯಾಗಿರಲಿಲ್ಲ. ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದಕ್ಕೂ ಮೊದಲು, 1843ರಲ್ಲಿ, ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ನಾಟಕ ಕಟ್ಟಲು ಪ್ರೇರಣೆಯಾದದ್ದು ನಮ್ಮ ಕಡೆಯ ಭಾಗವತ ಮೇಳದ ಆಟ. ಆದರೆ ಮಾವನ ಮಾತೆಲ್ಲ ಗೋಹರಬಾಯಿ ಕರ್ನಾಟಕಿಯ ಸುತ್ತ. ಬೀಳಗಿಯ ಆ ಗಾಯಕಿ ಬಾಲಗಂಧರ್ವರ ಹಾಡುಗಳನ್ನು ಅವರದೇ ಧಾಟಿಯಲ್ಲಿ ಹಾಡುತ್ತ ಬೆಳೆದು, ಕೊನೆಗೆ ಅವರ ಕಂಪನಿ ಸೇರಿದರು. ಸಾಲ, ಮುಪ್ಪು, ಕಾಯಿಲೆ ಬಂದಾಗಲೂ ಜೊತೆಗಿದ್ದವರು ಆಕೆ. ಅದಕ್ಕಾಗಿ ಊರಿನ ನಿಂದೆಯನ್ನೂ ಉಂಡರು. ಬಾಲಗಂಧರ್ವರ ಹೆಸರು ಹೇಳುವಾಗ ಆಕೆಯ ಹೆಸರನ್ನು ಬಿಡುವುದು ಅನ್ಯಾಯವೆಂದು ನಾನು ಇಂದಿಗೂ ನಂಬಿದ್ದೇನೆ.

ಆಗ ಟಿಕೀಟಿಗೆ ಕಿಟಕಿಯ ಮುಂದೆ ಸಾಲು. ಮೂರನೆಯ ಗಂಟೆ ಹೊಡೆದರೆ ಸಭೆ ಗಪ್ಪಾಗುತ್ತಿತ್ತು. ಮಧ್ಯಂತರದಲ್ಲಿ ಬಟಾಟೆ ವಡೆ. ನದಿ ಆಗಲೂ ಅಷ್ಟೇನೂ ಶುದ್ಧವಿರಲಿಲ್ಲ, ಆ ಕಾಲವನ್ನು ಚಿನ್ನವೆಂದು ಹೇಳಲಾರೆ. ಈಗ ಟಿಕೀಟು ಮೊಬೈಲಿನಲ್ಲಿ ಸಿಗುತ್ತದೆ, ಹಿಂದುಗಡೆ ನದಿಯ ಪಾತ್ರದುದ್ದಕ್ಕೂ ಕಂಬ ನೆಟ್ಟು ಮೆಟ್ರೊ ಓಡುತ್ತದೆ. ದೂರದಿಂದ ಬರುವವರಿಗೆ ಅನುಕೂಲವೇ ಆಗಿದೆ. ಆದರೂ ಖಡಕವಾಸಲಾದಿಂದ ಹೆಚ್ಚು ನೀರು ಬಿಟ್ಟ ದಿನ ಸಮೀಪದ ಭಿಡೆ ಸೇತುವೆ ಇವತ್ತಿಗೂ ಮುಳುಗುತ್ತದೆ.

ಹಳೆಯ ಕಟ್ಟಡ ಕೆಡವಿ ದೊಡ್ಡ ಸಂಕೀರ್ಣ ಕಟ್ಟುವ ಮಾತು 2018ರಿಂದ ನಡೆದಿದೆ. ಕಲಾವಿದರಲ್ಲಿ ಅನೇಕರು ವಿರೋಧಿಸಿದ್ದಾರೆ, ನಾನೂ ಅವರ ಪಕ್ಷ. ಕುರ್ಚಿ ಬದಲಿಸಲಿ, ಧ್ವನಿ, ಬೆಳಕು ಸರಿಪಡಿಸಲಿ. ಸಾವಿರಕ್ಕೆ ತುಸು ಕಡಿಮೆ ಜನ ಕೂತು ನೋಡುವ ಆ ಅಳತೆ ನಾಟಕಕ್ಕೆ ಸರಿಯಾಗಿದೆ. ಪ್ರವಾಹದ ಮರುವರ್ಷವೇ ಕಟ್ಟಲು ಹೊರಟ ಊರಿಗೆ ರಿಪೇರಿ ದೊಡ್ಡ ಕೆಲಸವಲ್ಲ.

ಪುಣೆಗೆ ಹೋದರೆ ಒಳಗೆ ಹೋಗಿ ಬನ್ನಿ. ಗೋಪಾಳ ದೇವುಸ್ಕರ ಬರೆದ ಎರಡು ಬಾಲಗಂಧರ್ವ ಚಿತ್ರಗಳಿವೆ: ಒಂದರಲ್ಲಿ ಗಂಡಸು, ಇನ್ನೊಂದರಲ್ಲಿ ಸ್ತ್ರೀವೇಷ. ಎರಡರ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ.